‘ಟೂ, ಕಟ್!’: ಒಂದು ಯಕ್ಷಗಾನ ನೇರಪ್ರಸಾರದಲ್ಲಿ ಮಾತು ತಪ್ಪಿದ ಪ್ರಕರಣ

ಸಭೆಯ ಹಿಂದಿನಿಂದ ದೊಂದಿಯ ಬೆಳಕಿನಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಬರುತ್ತಿತ್ತು. ಚೆಂಡೆ ಏರುತ್ತಿತ್ತು. ರಾಳ ಬಿದ್ದಾಗಲೆಲ್ಲ ಬೆಂಕಿ ಭುಗಿಲ್ ಎನ್ನುತ್ತಿತ್ತು. ಮಲಗಿದ್ದ ಮಕ್ಕಳು ಎದ್ದು ಕೂತಿದ್ದರು. ಮುಂಬೈಯಲ್ಲೋ ದುಬೈಯಲ್ಲೋ ಇರುವ ಊರಿನವರು ಇದೊಂದು ಪ್ರವೇಶ ನೋಡಬೇಕು ಅಂತಲೇ ಮೊಬೈಲ್ ಹಿಡಿದು ನಿದ್ದೆಗೆಟ್ಟಿದ್ದರು. ಅವರಿಗೆ ಆ ಹೊತ್ತಿನಲ್ಲಿ ಕಂಡದ್ದು ಪ್ಲಾಸ್ಟಿಕ್ ಕುರ್ಚಿಯ ಕಾಲು, ಒಂದು ಜೊತೆ ಚಪ್ಪಲಿ, ಅಂಗಳದ ಧೂಳು. ಸುಮಾರು 7 ಸೆಕೆಂಡ್.

ಯಾವ ಕ್ಯಾಮೆರಾದ ಚಿತ್ರ ಹೊರಗೆ ಹೋಗಬೇಕು ಅಂತ ಬದಲಿಸುವ ಸ್ವಿಚರ್ ಮುಂದೆ ಕೂತಿದ್ದವನು ನಾನು. ಯಂತ್ರ ಕೆಟ್ಟಿರಲಿಲ್ಲ, ಕೇಬಲ್ ಕಳಚಿರಲಿಲ್ಲ, ಯಾರೂ ತೂಕಡಿಸಿರಲಿಲ್ಲ. ಎಲ್ಲರೂ ತಮಗೆ ಕೇಳಿಸಿದ ಆದೇಶವನ್ನು ಸರಿಯಾಗಿಯೇ ಪಾಲಿಸಿದ್ದೆವು. ಆದರೆ ಆದೇಶದ ಪದಕ್ಕೆ ನಮ್ಮಲ್ಲಿ ಒಬ್ಬೊಬ್ಬರ ಹತ್ತಿರ ಒಂದೊಂದು ಅರ್ಥ ಇತ್ತು. ಊರಿನ ಆಟ, ನಾಟಕ, ಜಾತ್ರೆ ನೇರಪ್ರಸಾರ ಮಾಡುವ ಗೆಳೆಯರಿಗೆ ಉಪಯೋಗ ಆಗಲಿ ಅಂತ ಇದನ್ನು ಪೂರ್ತಿ ಬರೆಯುತ್ತಿದ್ದೇನೆ.

ಜಾಗ ದಕ್ಷಿಣ ಕನ್ನಡದ ಒಂದು ಹಳ್ಳಿ. ತೆಂಕುತಿಟ್ಟು ಶೈಲಿಯ ಯಕ್ಷಗಾನ ಆಟ. ನಾಲ್ಕು ಕ್ಯಾಮೆರಾ. ಒಂದನೆಯದು ರಂಗಸ್ಥಳದ ಎದುರು ಸ್ಟ್ಯಾಂಡ್ ಮೇಲೆ, ಇಡೀ ರಂಗ ಕಾಣುವ ಹಾಗೆ. ಎರಡನೆಯದು ಹೆಗಲ ಮೇಲೆ, ಓಡಾಡುವುದಕ್ಕೆ. ಮೂರನೆಯದು ಭಾಗವತರು ಮತ್ತು ಹಿಮ್ಮೇಳಕ್ಕೆ. ನಾಲ್ಕನೆಯದು ವೇಷ ಕಟ್ಟುವ ಚೌಕಿಯ ಬಾಗಿಲಲ್ಲಿ. ಸ್ವಿಚರ್ ಎಟೆಮ್ ಮಿನಿ ಪ್ರೊ ಐಎಸ್‌ಒ, ನಾಲ್ಕು ಎಚ್‌ಡಿಎಂಐ ಇನ್‌ಪುಟ್ ಇರುವ ಪುಟ್ಟ ಪೆಟ್ಟಿಗೆ. ಎರಡನೇ ಕ್ಯಾಮೆರಾ ಸಭೆಯ ಹಿಂದಿನವರೆಗೂ ಹೋಗಬೇಕಿತ್ತು. ಅಷ್ಟು ದೂರಕ್ಕೆ ಎಚ್‌ಡಿಎಂಐ ನಂಬುವ ಹಾಗಿಲ್ಲ, ಹಾಗಾಗಿ ಕನ್ವರ್ಟರ್ ಹಾಕಿ, ದೂರಕ್ಕೂ ಚಿತ್ರ ಒಯ್ಯುವ ಎಸ್‌ಡಿಐ ಕೇಬಲ್ ಎಳೆದೆವು.

ಯಂತ್ರಕ್ಕಿಂತ ಜನರ ಬಗ್ಗೆ ಹೇಳಬೇಕು. ಈ ಪ್ರಕರಣ ಇರುವುದೇ ಅಲ್ಲಿ. ನಿರ್ದೇಶಕರು ಬೆಂಗಳೂರಿನವರು, ಟಿವಿ ಚಾನೆಲ್‌ನ ಪಿಸಿಆರ್‌ನಲ್ಲಿ (ಪ್ರೊಡಕ್ಷನ್ ಕಂಟ್ರೋಲ್ ರೂಮ್) ವರ್ಷಗಟ್ಟಲೆ ಕೂತವರು. ಎರಡನೇ ಕ್ಯಾಮೆರಾದ ಅಣ್ಣ ಮದುವೆ ವಿಡಿಯೊ ಮತ್ತು ಕಿರುಚಿತ್ರಗಳಲ್ಲಿ ಪಳಗಿದವರು, ನಮ್ಮೆಲ್ಲರಿಗಿಂತ ಹಿರಿಯರು, ಕೈ ಬಂಡೆಯಷ್ಟು ಗಟ್ಟಿ. ಮೂರನೇ ಕ್ಯಾಮೆರಾದಲ್ಲಿ ಕಾಲೇಜು ಹುಡುಗ. ಸೌಂಡ್ಸ್‌ನವರು ಊರಿನವರೇ. ನಾನು ದೇವಸ್ಥಾನದ ಕಾರ್ಯಕ್ರಮಗಳನ್ನು ಲೈವ್ ಮಾಡಿ ಮಾಡಿಯೇ ಕಲಿತವನು. ಐದು ಜನ, ನಾಲ್ಕು ಬೇರೆ ಬೇರೆ ಶಾಲೆ ಅನ್ನಬಹುದು. ಇಂಟರ್‌ಕಾಮ್ ಇರಲಿಲ್ಲ. ಮೊಬೈಲ್ ಕಾನ್ಫರೆನ್ಸ್ ಕಾಲ್ ಹಾಕಿ ಎಲ್ಲರ ಕಿವಿಗೂ ಇಯರ್‌ಫೋನ್ ಕೊಟ್ಟಿದ್ದೆವು. ಎಲ್ಲರಿಗೂ ಹೇಳಿ ಆ ಕರೆಯನ್ನು ನಾನು ರೆಕಾರ್ಡ್ ಮಾಡಿಟ್ಟಿದ್ದೆ. ಆಮೇಲೆ ನಮ್ಮನ್ನು ಕಾಪಾಡಿದ್ದು ಆ ರೆಕಾರ್ಡಿಂಗ್.

ಮೊದಲ ಎಚ್ಚರಿಕೆ ಪ್ರಸಂಗಕ್ಕೆ ಮುಂಚಿನ ಪೂರ್ವರಂಗದ ಹೊತ್ತಿಗೇ ಸಿಕ್ಕಿತ್ತು. ನಮಗೆ ಅದು ಎಚ್ಚರಿಕೆ ಅಂತ ಗೊತ್ತಾಗಲಿಲ್ಲ. ನಿರ್ದೇಶಕರು ನೀರು ಕುಡಿಯಲು ಎದ್ದು ಹೋಗಿದ್ದರು. ಅಲ್ಲಿಂದಲೇ ಕೇಳಿದರು: “ಪ್ರೋಗ್ರಾಂನಲ್ಲಿ ಏನಿದೆ?” ಮೂರನೇ ಕ್ಯಾಮೆರಾದ ಹುಡುಗ ಉತ್ತರ ಕೊಟ್ಟ: “ಬಾಲಗೋಪಾಲ ಸರ್.” ರಂಗದ ಮೇಲೆ ಆಗ ಇದ್ದದ್ದು ಬಾಲಗೋಪಾಲ ವೇಷ, ಅವನು ತಪ್ಪು ಹೇಳಲಿಲ್ಲ. ನಮ್ಮ ಕಡೆ ಪ್ರೋಗ್ರಾಂ ಅಂದರೆ ಕಾರ್ಯಕ್ರಮ. ಪ್ರೋಗ್ರಾಂ ಎಷ್ಟು ಗಂಟೆಗೆ, ಪ್ರೋಗ್ರಾಂ ಚೆನ್ನಾಗಿತ್ತಾ ಅಂತಲೇ ನಾವು ಮಾತಾಡುವುದು. ಸ್ವಿಚರ್ ಮುಂದೆ ಕೂತವರಿಗೆ ಮಾತ್ರ ಪ್ರೋಗ್ರಾಂ ಅಂದರೆ ಈಗ ಹೊರಗೆ ಹೋಗುತ್ತಿರುವ ಚಿತ್ರ, ಪ್ರಿವ್ಯೂ ಅಂದರೆ ಮುಂದೆ ಹೋಗಲು ಕಾದು ಕೂತಿರುವ ಚಿತ್ರ. ಎಲ್ಲ ಕ್ಯಾಮೆರಾಗಳ ಚಿತ್ರ ಒಟ್ಟಿಗೆ ಕಾಣುವ ಮಲ್ಟಿವ್ಯೂ ಪರದೆಯಲ್ಲಿ ಮೊದಲನೆಯದಕ್ಕೆ ಕೆಂಪು ಚೌಕಟ್ಟು, ಎರಡನೆಯದಕ್ಕೆ ಹಸಿರು. ಆ ಪರದೆ ಇರುವುದು ನನ್ನ ಎದುರು. ಕ್ಯಾಮೆರಾ ಹಿಡಿದವನಿಗೆ ಅದು ಕಾಣುವುದಿಲ್ಲ.

ಸ್ಟುಡಿಯೊದಲ್ಲಿ ಈ ಕೊರತೆ ತುಂಬುವುದಕ್ಕೆ ಟ್ಯಾಲಿ ದೀಪ ಇರುತ್ತದೆ. ಕ್ಯಾಮೆರಾ ಮೇಲೆ ಕೆಂಪು ಹತ್ತಿದರೆ ನೀನು ಹೋಗುತ್ತಿದ್ದೀಯ, ಅಲ್ಲಾಡಬೇಡ ಅಂತ ಅರ್ಥ. ನಮ್ಮದು ಎಚ್‌ಡಿಎಂಐ ಇರುವ ಸಾಮಾನ್ಯ ಕ್ಯಾಮೆರಾಗಳು, ಟ್ಯಾಲಿ ಇಲ್ಲ. ಹಾಗಾಗಿ ಆ ದೀಪದ ಕೆಲಸವನ್ನೂ ಮಾತೇ ಮಾಡಬೇಕಿತ್ತು. ನಾವು ಆ ಮಾತು ಆಡಲೇ ಇಲ್ಲ. ಮೂರನೇ ಕ್ಯಾಮೆರಾದ ಹುಡುಗ ತನ್ನದೇ ದಾರಿ ಕಂಡುಕೊಂಡ. ಇನ್ನೊಂದು ಮೊಬೈಲಿನಲ್ಲಿ ಯೂಟ್ಯೂಬ್ ತೆರೆದು ಸ್ಟ್ಯಾಂಡಿಗೆ ಸಿಕ್ಕಿಸಿಕೊಂಡ. ಅಲ್ಲಿ ತನ್ನ ಚಿತ್ರ ಬಂದರೆ ತಾನು ಲೈವ್, ಇಲ್ಲದಿದ್ದರೆ ಇಲ್ಲ ಅಂತ ಅವನ ಲೆಕ್ಕ. ಯೂಟ್ಯೂಬಿನಲ್ಲಿ ಚಿತ್ರ 20 ಸೆಕೆಂಡಿನಷ್ಟು ತಡವಾಗಿ ಬರುತ್ತಿತ್ತು. ಹೀಗಾಗಿ ನಿಜವಾಗಿ ಅವನ ಚಿತ್ರ ಹೋಗುತ್ತಿದ್ದಾಗ ಅವನು ಮದ್ದಳೆಯಿಂದ ಚೆಂಡೆಗೆ ಸರ್ರನೆ ತಿರುಗಿಸುತ್ತಿದ್ದ. ಹೋಗದಿದ್ದಾಗ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದ. “ನಾನು ಲೈವ್ ಇದ್ದೇನಾ?” ಅಂತ ಅವನು ಎರಡು ಸಲ ಕೇಳಿದ್ದು ರೆಕಾರ್ಡಿಂಗ್‌ನಲ್ಲಿದೆ. ನಾನು ಎರಡು ಸಲವೂ “ಹೌದು, ಲೈವ್ ಹೋಗ್ತಾ ಇದೆ” ಅಂದಿದ್ದೇನೆ. ಅವನು ಕೇಳಿದ್ದು ಕ್ಯಾಮೆರಾದ ಬಗ್ಗೆ, ನಾನು ಹೇಳಿದ್ದು ಇಂಟರ್ನೆಟ್ ಬಗ್ಗೆ.

‘ಮಿಕ್ಸ್’ ಪದದ ಕಥೆ ಸಣ್ಣದು. ಒಂದು ಚಿತ್ರ ಕರಗುತ್ತಾ ಇನ್ನೊಂದು ಮೂಡುವುದಕ್ಕೆ ಬ್ರಿಟಿಷ್ ಟಿವಿಯವರು ಮಿಕ್ಸ್ ಅನ್ನುತ್ತಾರೆ, ಅಮೆರಿಕದವರು ಡಿಸಾಲ್ವ್ ಅನ್ನುತ್ತಾರೆ. ನಮ್ಮ ಮದುವೆ ವಿಡಿಯೊದವರಿಗೆ ಮಿಕ್ಸಿಂಗ್ ಅಂದರೆ ಎಡಿಟಿಂಗ್. ಸೌಂಡ್ಸ್‌ನವರಿಗೆ ಅದು ಅವರ ಮುಂದಿರುವ ಮಿಕ್ಸರ್. ನಿರ್ದೇಶಕರು “ಮಿಕ್ಸ್, ನಿಧಾನಕ್ಕೆ” ಅಂದಾಗ ಸೌಂಡ್ಸ್‌ನವರು ಭಾಗವತರ ಮೈಕ್ ನಿಧಾನಕ್ಕೆ ಏರಿಸಿದರು. ಕುಂಯ್ ಅಂತ ಕೂಗಿತು. ಆಗ ಎಲ್ಲರೂ ಅವರ ಮೇಲೆಯೇ ರೇಗಿದೆವು. ಅದು ನ್ಯಾಯ ಆಗಿರಲಿಲ್ಲ.

ಈಗ ಆ 7 ಸೆಕೆಂಡ್.

ಮರುದಿನ ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಕೂತೆವು. ಐಎಸ್‌ಒ ರೆಕಾರ್ಡಿಂಗ್ ಅಂದರೆ ಒಂದೊಂದು ಕ್ಯಾಮೆರಾದ ಚಿತ್ರವೂ ಬೇರೆ ಬೇರೆ ಫೈಲ್ ಆಗಿ ಉಳಿಯುವುದು. ಹೊರಗೆ ಹೋಗಲಿ ಬಿಡಲಿ, ನಾಲ್ಕೂ ಉಳಿಯುತ್ತವೆ. ಜೊತೆಗೆ ನಾನು ಯಾವ ಕ್ಷಣದಲ್ಲಿ ಯಾವುದಕ್ಕೆ ಬದಲಿಸಿದೆ ಅನ್ನುವುದನ್ನು ಆ ಪೆಟ್ಟಿಗೆ ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ನ ಪ್ರಾಜೆಕ್ಟ್ ಫೈಲ್ ಆಗಿ ಬರೆದಿಡುತ್ತದೆ. ಅದರ ಕೆಳಗೆ ಕರೆಯ ರೆಕಾರ್ಡಿಂಗ್ ಜೋಡಿಸಿದೆವು. ಯಾರು ಏನು ಹೇಳಿದರು, ಯಾರು ಏನು ಮಾಡಿದರು, ಎಲ್ಲ ಒಂದೇ ಸಾಲಿನಲ್ಲಿ ಕಾಣಿಸಿತು.

ಬಣ್ಣದ ವೇಷ ಸಭೆಯ ನಡುವೆ ಬಂದಾಗ ಹೊರಗೆ ಹೋಗುತ್ತಿದ್ದದ್ದು ಒಂದನೇ ಕ್ಯಾಮೆರಾ. ಎರಡನೇ ಕ್ಯಾಮೆರಾದ ಅಣ್ಣ ವೇಷದ ಎದುರೇ ಹಿಂದೆ ಹಿಂದೆ ನಡೆಯುತ್ತಾ ಅದ್ಭುತವಾದ ಚಿತ್ರ ಹಿಡಿದಿದ್ದರು. ಬೆಂಕಿ, ಮುಖದ ಮೇಲಿಟ್ಟ ಬಿಳಿ ಚುಕ್ಕೆಗಳ ಚಿಟ್ಟಿ, ಕಣ್ಣು, ಎಲ್ಲವೂ ಅದರಲ್ಲಿ ಇತ್ತು. ನಿರ್ದೇಶಕರು ಅದನ್ನು ಮಲ್ಟಿವ್ಯೂನಲ್ಲಿ ನೋಡಿ ಕೂಗಿದರು: “ಟೂ, ಕಟ್!”

ನನಗೆ ಕೇಳಿಸಿದ್ದು: ಎರಡಕ್ಕೆ ಬದಲಿಸು. ಕಟ್ ಬಟನ್ ಒತ್ತಿದೆ.

ಅಣ್ಣನಿಗೆ ಕೇಳಿಸಿದ್ದು: ಎರಡನೇ ಕ್ಯಾಮೆರಾ, ಸಾಕು, ನಿಲ್ಲಿಸು. ಕಿರುಚಿತ್ರದ ಸೆಟ್‌ನಲ್ಲಿ ಇಷ್ಟು ವರ್ಷ ಕಟ್ ಅಂದರೆ ಅವರಿಗೆ ಇದೊಂದೇ ಅರ್ಥ. ರೆಕಾರ್ಡ್ ನಿಲ್ಲಿಸಿದರು, ಹೆಗಲಿನಿಂದ ಕ್ಯಾಮೆರಾ ಇಳಿಸಿದರು. ರೆಕಾರ್ಡ್ ನಿಂತರೂ ಕೇಬಲ್‌ನಲ್ಲಿ ಚಿತ್ರ ಬರುತ್ತಲೇ ಇರುತ್ತದೆ. ಚಪ್ಪಲಿ ಕಂಡದ್ದು ಹಾಗೆ.

ಇಷ್ಟೇ ಆಗಿದ್ದರೆ ಎರಡು ಸೆಕೆಂಡಿನಲ್ಲಿ ಮುಗಿಯಬೇಕಿತ್ತು. ಅದು ಏಳು ಆದದ್ದು ಹೇಗೆ ಅಂತ ನಮಗೆ ತಲೆಬುಡ ತಿಳಿಯಲಿಲ್ಲ. ಪ್ರಾಜೆಕ್ಟ್ ಫೈಲ್ ಹಿಗ್ಗಿಸಿ ನೋಡಿದಾಗ ಗೊತ್ತಾಯಿತು. ನೆಲ ಕಂಡ ಕೂಡಲೇ ನಿರ್ದೇಶಕರು ಗಾಬರಿಯಲ್ಲಿ “ಕಟ್! ಕಟ್!” ಅಂದಿದ್ದಾರೆ. ಅಂದರೆ ಇದರಿಂದ ಬೇಗ ಹೊರಗೆ ಬಾ ಅಂತ. ನಾನೂ ಗಾಬರಿಯಲ್ಲಿ ಎರಡು ಸಲ ಒತ್ತಿದ್ದೇನೆ. ನಮ್ಮ ಸ್ವಿಚರ್ ಇದ್ದದ್ದು ಪ್ರೋಗ್ರಾಂ–ಪ್ರಿವ್ಯೂ ವಿಧಾನದಲ್ಲಿ. ಅದರಲ್ಲಿ ಒಂದು ಸಲ ಕಟ್ ಒತ್ತಿದರೆ ಎರಡೂ ಚಿತ್ರ ಜಾಗ ಅದಲುಬದಲು ಮಾಡಿಕೊಳ್ಳುತ್ತವೆ. ಹೊರಗಿದ್ದದ್ದು ಪ್ರಿವ್ಯೂಗೆ ಬರುತ್ತದೆ, ಪ್ರಿವ್ಯೂನಲ್ಲಿದ್ದದ್ದು ಹೊರಗೆ ಹೋಗುತ್ತದೆ. ಫ್ಲಿಪ್–ಫ್ಲಾಪ್ ಅನ್ನುತ್ತಾರೆ. ಮೊದಲ ಒತ್ತಿಗೆ ಒಂದನೇ ಕ್ಯಾಮೆರಾ ಬಂತು. ಎರಡನೇ ಒತ್ತಿಗೆ ಮತ್ತೆ ಅದೇ ಚಪ್ಪಲಿ ಬಂತು. ಒಂದನೇ ಕ್ಯಾಮೆರಾ ಮಿಂಚಿನ ಹಾಗೆ ಬಂದು ಮಾಯವಾದದ್ದು ನಮಗೆ ಯಾರಿಗೂ ಕಣ್ಣಿಗೆ ಬಿದ್ದಿರಲಿಲ್ಲ. ಬಟನ್ ಕೆಲಸ ಮಾಡುತ್ತಿಲ್ಲ ಅಂದುಕೊಂಡು ನಾನು ಒಂದು ಕ್ಷಣ ಕೈ ತೆಗೆದು ಕೂತೆ. ಉಳಿದ ಸೆಕೆಂಡುಗಳು ಹೋದದ್ದು ಅಲ್ಲಿ.

ಆ ಪೆಟ್ಟಿಗೆಯಲ್ಲಿ ಇನ್ನೊಂದು ವಿಧಾನವೂ ಇದೆ, ಕಟ್ ಬಸ್ ಅಂತ. ಅದರಲ್ಲಿ ಕ್ಯಾಮೆರಾದ ನಂಬರ್ ಒತ್ತಿದ ಕೂಡಲೇ ಅದು ಹೊರಗೆ ಹೋಗುತ್ತದೆ. ಪೆಟ್ಟಿಗೆ ಹೊಸದಾಗಿ ತೆಗೆದಾಗ ಇರುವುದೇ ಅದು. ಆ ವಿಧಾನದಲ್ಲಿ ಇದ್ದಿದ್ದರೆ ಹೀಗೆ ವಾಪಸ್ ಬರುತ್ತಿರಲಿಲ್ಲ. ಹಾಗಂತ ಅದೇ ಒಳ್ಳೆಯದು ಅನ್ನುವುದಿಲ್ಲ. ಮುಂದಿನ ಚಿತ್ರವನ್ನು ಹಸಿರು ಚೌಕಟ್ಟಿನಲ್ಲಿ ಇಟ್ಟು ಒಂದು ಸಲ ನೋಡಿ ಕಳಿಸುವುದು ನನಗೆ ಬೇಕು. ಕುಣಿತ ಜೋರಾಗಿರುವಾಗಲಂತೂ ಬೇಕೇ ಬೇಕು. ಆದರೆ ಬೇರೆಯವರ ಸ್ವಿಚರ್ ಮುಂದೆ ಕೂತಾಗ ಅದು ಯಾವ ವಿಧಾನದಲ್ಲಿದೆ ಅಂತ ಮೊದಲು ನೋಡಿ. ಒಂದೇ ನಂಬರ್ ಬಟನ್ ಒಂದು ವಿಧಾನದಲ್ಲಿ “ತಯಾರಿಡು”, ಇನ್ನೊಂದರಲ್ಲಿ “ಕಳಿಸಿಬಿಡು”.

ಕಟ್ ಪದದ ಜಗಳಕ್ಕೆ ಬೇರು ಸಿನಿಮಾದಲ್ಲಿದೆ. ಫಿಲ್ಮ್ ಕಾಲದಲ್ಲಿ ಎಡಿಟಿಂಗ್ ಕೋಣೆಯವರು ಸುರುಳಿಯನ್ನು ನಿಜವಾಗಿಯೇ ಕತ್ತರಿಸಿ ಅಂಟಿಸುತ್ತಿದ್ದರು. ಒಂದು ಶಾಟ್ ಇನ್ನೊಂದಕ್ಕೆ ಸೇರುವ ಜಾಗ ಕಟ್ ಆಯಿತು. ಸೆಟ್‌ನಲ್ಲಿ ಅದೇ ಪದ ಕ್ಯಾಮೆರಾ ನಿಲ್ಲಿಸುವ ಕೂಗಾಯಿತು. ಟಿವಿಯ ಸ್ವಿಚರ್ ಎಡಿಟಿಂಗ್ ಕೋಣೆಯ ಅರ್ಥವನ್ನು ತಗೊಂಡಿತು. ಸೆಟ್‌ನಿಂದ ಬಂದ ಕ್ಯಾಮೆರಾದವರು ಸೆಟ್‌ನ ಅರ್ಥವನ್ನೇ ತರುತ್ತಾರೆ. ದೊಡ್ಡ ಪಿಸಿಆರ್‌ನಲ್ಲಿ ಈ ಎರಡು ಲೋಕ ಎದುರಾಗುವುದು ಕಡಿಮೆ. ಊರಿನ ಲೈವ್‌ನಲ್ಲಿ ದಿನಾ ಎದುರಾಗುತ್ತವೆ, ಯಾಕೆಂದರೆ ನಮ್ಮ ಕ್ಯಾಮೆರಾದವರೆಲ್ಲ ಮದುವೆ ಮನೆಯಿಂದ ಬಂದವರು.

ಇಂಗ್ಲಿಷ್ ಮಾತಾಡುವ ದೇಶಗಳಲ್ಲೂ ಪದಗಳು ಒಂದೇ ಆಗಿಲ್ಲ. ಅಮೆರಿಕದಲ್ಲಿ ಸ್ವಿಚರ್ ಅಂದರೆ ಯಂತ್ರ, ಅದರ ಮುಂದೆ ಕೂತವರು ಟೆಕ್ನಿಕಲ್ ಡೈರೆಕ್ಟರ್. ಬ್ರಿಟನ್ನಿನಲ್ಲಿ ಯಂತ್ರವೂ ವಿಷನ್ ಮಿಕ್ಸರ್, ವ್ಯಕ್ತಿಯೂ ವಿಷನ್ ಮಿಕ್ಸರ್. ಪರದೆಯ ಕೆಳಗೆ ಬರುವ ಹೆಸರಿನ ಪಟ್ಟಿಯನ್ನು ಅಮೆರಿಕದಲ್ಲಿ ಚೈರಾನ್ ಅನ್ನುತ್ತಾರೆ, ನಮ್ಮ ನ್ಯೂಸ್ ಚಾನೆಲ್‌ಗಳಲ್ಲಿ ಆಸ್ಟನ್ ಅನ್ನುತ್ತಾರೆ. ಎರಡೂ ಆ ಯಂತ್ರ ಮಾಡುತ್ತಿದ್ದ ಕಂಪನಿಗಳ ಹೆಸರು, ಒಂದು ಅಮೆರಿಕದ್ದು, ಇನ್ನೊಂದು ಬ್ರಿಟನ್ನಿನದು. ಹಾಗಾಗಿ ನಮ್ಮ ತಂಡಕ್ಕೆ ನಮ್ಮದೇ ಪದ ಇಟ್ಟುಕೊಂಡರೆ ಏನೂ ತಪ್ಪಿಲ್ಲ ಅಂತ ಧೈರ್ಯ ಬಂತು.

ಮೊದಲು ಕಟ್ ಅನ್ನುವ ಮಾತನ್ನೇ ತೆಗೆದೆವು. ಬಟನ್ ಮೇಲೆ ಇರಲಿ, ಬಾಯಲ್ಲಿ ಬೇಡ. ಅದರ ಬದಲು ಏನು? ನಿರ್ದೇಶಕರು ‘ಟೇಕ್’ ಅಂದರು. ಅಮೆರಿಕದ ರೂಢಿ: “ರೆಡಿ ಟೂ... ಟೇಕ್ ಟೂ.” ಬರೆದು ನೋಡಿದರೆ ಚೆನ್ನಾಗಿದೆ. ಆಡಿ ನೋಡಿದಾಗ ಒಂದು ತೊಡಕು ಕಂಡಿತು. ಇಂಗ್ಲಿಷ್‌ನಲ್ಲಿ ಕ್ರಿಯಾಪದ ಮೊದಲು ಬರುತ್ತದೆ, ನಂಬರ್ ಆಮೇಲೆ. ನಿರ್ದೇಶಕರಿಗೆ ಮಾತ್ರ ಬಿಸಿ ಏರಿದಾಗ ಕನ್ನಡದ ವಾಕ್ಯವೇ ಬರುತ್ತಿತ್ತು: “ಟೂ ಟೇಕ್”, “ಟೂ ತಗೋ”. ಒಮ್ಮೆ ನಂಬರ್ ಹಿಂದೆ, ಒಮ್ಮೆ ಮುಂದೆ. ಎಲ್ಲಿ ಒತ್ತಬೇಕು ಅಂತ ನನ್ನ ಬೆರಳಿಗೆ ಗೊತ್ತಾಗುತ್ತಿರಲಿಲ್ಲ.

ಯೋಚಿಸಿದರೆ ಈ ಕೆಲಸಕ್ಕೆ ಕನ್ನಡದ ವಾಕ್ಯವೇ ಚೆನ್ನಾಗಿ ಒಗ್ಗುತ್ತದೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ ಅಲ್ವಾ? “ಟೂ” ಅನ್ನುವಾಗ ಬೆರಳು ಬಟನ್ ಮೇಲೆ ಹೋಗುತ್ತದೆ. “ತಗೋ” ಅನ್ನುವಾಗ ಒತ್ತುತ್ತದೆ. ನಂಬರ್ ಮುನ್ಸೂಚನೆ, ಕ್ರಿಯಾಪದ ಕ್ರಿಯೆ. ನಿರ್ದೇಶಕರು ಚೆಂಡೆಯ ಪೆಟ್ಟಿಗೆ ಸರಿಯಾಗಿ “ತಗೋ” ಅಂದರೆ ಚಿತ್ರವೂ ಅದೇ ಪೆಟ್ಟಿಗೆ ಬದಲಾಗುತ್ತದೆ. ನಂಬರ್ ಮಾತ್ರ ಇಂಗ್ಲಿಷ್‌ನಲ್ಲೇ ಉಳಿಸಿದೆವು. ಒಂದು, ಎರಡು, ಮೂರು, ನಾಲ್ಕು ಎಲ್ಲವೂ ಉಕಾರದಲ್ಲೇ ಮುಗಿಯುತ್ತವೆ, ಚೆಂಡೆಯ ನಡುವೆ ಒಂದರ ಹಾಗೆ ಇನ್ನೊಂದು ಕೇಳಿಸುತ್ತದೆ. ವನ್, ಟೂ, ತ್ರೀ, ಫೋರ್ ಸುಮಾರಾಗಿ ಬೇರೆ ಬೇರೆ ಕೇಳಿಸುತ್ತವೆ.

ಇನ್ನೊಂದು ತೊಡಕು ನಮ್ಮ ಮರ್ಯಾದೆಯದು. ನಿರ್ದೇಶಕರಿಗೆ ನನ್ನನ್ನು “ತಗೋ” ಅನ್ನಲು ಅಡ್ಡಿ ಇಲ್ಲ, ನಾನು ಚಿಕ್ಕವನು. ಎರಡನೇ ಕ್ಯಾಮೆರಾದ ಅಣ್ಣ ಅವರಿಗಿಂತ ದೊಡ್ಡವರು. “ಮುಂದೆ ಬನ್ನಿ, ಸ್ವಲ್ಪ ಕೆಳಗೆ ತೋರಿಸಿ” ಅನ್ನುವಷ್ಟರಲ್ಲಿ ವೇಷ ಎರಡು ಸುತ್ತು ಹಾಕಿರುತ್ತದೆ. ಇದಕ್ಕೆ ದಾರಿ ತೋರಿಸಿದವರು ಅಣ್ಣನೇ. “ನನಗೆ ಸುಮ್ನೆ ಹೆಸರು ಹೇಳಿ ಮಾರ್ರೆ. ಮುಖ ಅಂದ್ರೆ ಮುಖ, ಕಿರೀಟ ಅಂದ್ರೆ ಕಿರೀಟ. ಮಾಡಿ ಗೀಡಿ ಎಂತಕ್ಕೆ?”

ಅದೇ ನಿಯಮ ಆಯಿತು. ಕ್ಯಾಮೆರಾಗೆ ಹೇಳುವಾಗ ಕ್ರಿಯಾಪದವೇ ಇಲ್ಲ, ಬರೀ ನಾಮಪದ. ಕ್ರಿಯಾಪದ ಕೇಳಿಸಿದರೆ ಅದು ಸ್ವಿಚರ್‌ಗೆ. ಕರೆಯಲ್ಲಿ ಎಲ್ಲರ ಮಾತೂ ಎಲ್ಲರಿಗೂ ಕೇಳಿಸುವಾಗ ಇದಕ್ಕಿಂತ ಒಳ್ಳೆಯ ಬೇಲಿ ನನಗೆ ಗೊತ್ತಿಲ್ಲ.

ಶಾಟ್‌ಗಳ ಹೆಸರೂ ಹೀಗೇ ಬದಲಾಯಿತು. ಕ್ಲೋಸ್ ಅಂದರೆ ಮುಚ್ಚು ಅಂತಲೂ ಆಗುತ್ತದೆ, ಅದನ್ನು ಬಿಟ್ಟೆವು. ‘ಮುಖ’ ಅಂದರೆ ಗಲ್ಲದಿಂದ ಹಣೆಯವರೆಗೆ, ಕಿರೀಟ ಕತ್ತರಿಸಿದರೂ ಪರವಾಗಿಲ್ಲ. ‘ಕಿರೀಟ’ ಅಂದರೆ ಎದೆಯಿಂದ ಕಿರೀಟದ ತುದಿಯವರೆಗೆ. ‘ಹೆಜ್ಜೆ’ ಅಂದರೆ ಕಾಲಿನ ಗೆಜ್ಜೆಯಿಂದ ಮೇಲಿನವರೆಗೆ ಇಡೀ ವೇಷ. ಟಿವಿಯ ಪಾಠದಲ್ಲಿ ಕಲಿಸುವ ಕ್ಲೋಸಪ್, ಮಿಡ್, ಲಾಂಗ್ ಇವೆಲ್ಲ ಬರಿತಲೆಯ ಮನುಷ್ಯನಿಗೆ ಮಾಡಿದ ಅಳತೆಗಳು. ಬಣ್ಣದ ವೇಷದ ಕಿರೀಟಕ್ಕೆ ಅವು ಸಾಲುವುದಿಲ್ಲ. ಮಿಡ್ ಶಾಟ್ ಅಂದ ಕಡೆಯೆಲ್ಲ ಕಿರೀಟದ ಅರ್ಧ ಹಾರಿಹೋಗಿದ್ದನ್ನು ನಾನು ಎಷ್ಟೋ ರೆಕಾರ್ಡಿಂಗ್‌ನಲ್ಲಿ ನೋಡಿದ್ದೇನೆ. ಕಲಾವಿದರು ಗಂಟೆಗಟ್ಟಲೆ ಚೌಕಿಯಲ್ಲಿ ಕೂತು ಕಟ್ಟಿಕೊಂಡ ವೇಷ ಅದು. ಮನಸ್ಸಿಗೆ ನೋವಾಗುತ್ತದೆ.

ಎಡ, ಬಲ ಎರಡೂ ಹೋದವು. ನಟನ ಎಡವೋ, ನೋಡುವವರ ಎಡವೋ ಅನ್ನುವ ಪ್ರಶ್ನೆಗೆ ಕತ್ತಲಲ್ಲಿ ಸಮಯ ಇರುವುದಿಲ್ಲ. ‘ಭಾಗವತರ ಕಡೆ’, ‘ಚೌಕಿ ಕಡೆ’, ‘ಗದ್ದೆ ಕಡೆ’ ಅಂತ ಇಟ್ಟೆವು. ಜಾಗ ನೋಡಿ ಆಟಕ್ಕೆ ಮುಂಚೆ ಗೊತ್ತು ಮಾಡಿಕೊಂಡರೆ ಸಾಕು.

ಪ್ರೋಗ್ರಾಂ ಪದ ಕಾರ್ಯಕ್ರಮಕ್ಕೇ ವಾಪಸ್ ಹೋಯಿತು. ಹೊರಗೆ ಹೋಗುವ ಕ್ಯಾಮೆರಾ ‘ಆನ್’, ಬಿಟ್ಟ ಕ್ಯಾಮೆರಾ ‘ಫ್ರೀ’. ಇಂಟರ್ನೆಟ್ ವಿಷಯ ಬಂದರೆ ‘ಸ್ಟ್ರೀಮ್’. ಲೈವ್ ಅನ್ನುವ ಮಾತು ಕರೆಯಲ್ಲಿ ಯಾರೂ ಆಡುವ ಹಾಗಿಲ್ಲ. ಒತ್ತಿದ ಕೂಡಲೇ ನಾನು “ಟೂ ಆನ್, ವನ್ ಫ್ರೀ” ಅನ್ನಬೇಕು. ಇದೇ ನಮ್ಮ ಟ್ಯಾಲಿ ದೀಪ. ರಾತ್ರಿಯಿಡೀ ಹೇಳಿ ಗಂಟಲು ಒಣಗುತ್ತದೆ, ಆದರೂ ಬಿಡುವ ಹಾಗಿಲ್ಲ. ಮಿಕ್ಸ್ ಬದಲು ‘ಕರಗಿಸು’. ಮೊದಲು ಎಲ್ಲರೂ ನಕ್ಕರು. ಸೌಂಡ್ಸ್‌ನವರು ಮಾತ್ರ “ಇದು ನನಗಲ್ಲ ಅಂತ ಈಗ ಗೊತ್ತಾಗ್ತದೆ” ಅಂದರು.

ಸುಮಾರು ಒಂದು ತಿಂಗಳ ನಂತರ ಅದೇ ತಂಡ ಇನ್ನೊಂದು ಊರಿನ ಆಟಕ್ಕೆ ಹೋದೆವು. ಸಂಜೆ ಕೇಬಲ್ ಎಳೆಯುವ ಮುಂಚೆ ಎಲ್ಲರ ಕೈಗೂ ಒಂದು ಚೀಟಿ ಕೊಟ್ಟು, ಅರ್ಧ ಗಂಟೆ ಬರೀ ಮಾತಿನ ಅಭ್ಯಾಸ ಮಾಡಿದೆವು. ಖಾಲಿ ರಂಗಸ್ಥಳದಲ್ಲಿ ಊರಿನ ಒಬ್ಬ ಹುಡುಗ ಓಡಾಡಿದ, ನಾವು ಅವನನ್ನೇ ವೇಷ ಅಂದುಕೊಂಡೆವು.

ಎಲ್ಲ ಸರಿಹೋಯಿತು ಅನ್ನಲಾರೆ. ಹಳೆಯ ಅಭ್ಯಾಸಕ್ಕೆ ನಿರ್ದೇಶಕರ ಬಾಯಲ್ಲಿ ಮೂರು ಸಲ ಕಟ್ ಬಂತು. ಅಣ್ಣ ಕ್ಯಾಮೆರಾ ಇಳಿಸಲಿಲ್ಲ, “ಎಂತದು?” ಅಂತ ಕೇಳಿದರು. ಮೊಬೈಲ್ ಕರೆಯಲ್ಲಿ ಮಾತು ಸ್ವಲ್ಪ ತಡವಾಗಿಯೇ ತಲುಪುತ್ತದೆ, ಅದಕ್ಕೆ ಪದ ಬದಲಿಸಿ ಪ್ರಯೋಜನ ಇಲ್ಲ. ಮುಂದಿನ ಆಟಕ್ಕೆ ತಂತಿಯ ಇಂಟರ್‌ಕಾಮ್ ಬಾಡಿಗೆಗೆ ತರುವುದು ಅಂತ ಮಾತಾಗಿದೆ. ‘ಫೇಡ್’ ಇನ್ನೂ ಇತ್ಯರ್ಥ ಆಗಿಲ್ಲ, ಸೌಂಡ್ಸ್‌ನವರೂ ಅದೇ ಪದ ಬಳಸುತ್ತಾರೆ. ಕೊನೆಯಲ್ಲಿ ಚಿತ್ರ ಪೂರ್ತಿ ಕಪ್ಪಾಗುವುದಕ್ಕೆ ‘ಕತ್ತಲು’ ಅನ್ನೋಣ ಅಂತ ನಾನು ಹೇಳಿದೆ. ಮಂಗಳ ಹಾಡುವ ಹೊತ್ತಿಗೆ ಆ ಪದ ಬೇಡ ಅಂದರು ಸೌಂಡ್ಸ್‌ನವರು. ಅವರ ಮಾತೂ ಸರಿ. ಚೀಟಿಯಲ್ಲಿ ಆ ಸಾಲು ಖಾಲಿ ಬಿಟ್ಟಿದ್ದೇವೆ.

ಆ ರಾತ್ರಿ ಬಣ್ಣದ ವೇಷ ಬಂದ ಹೊತ್ತಿನ ಕರೆಯ ರೆಕಾರ್ಡಿಂಗ್ ನನ್ನ ಹತ್ತಿರ ಇದೆ. ಹಿಂದೆ ಚೆಂಡೆ, ಜನರ ಗದ್ದಲ. ಅದರ ನಡುವೆ ನಿರ್ದೇಶಕರ ದನಿ: “ಟೂ, ಕಿರೀಟ.” ಸ್ವಲ್ಪ ಮೌನ. “ಟೂ ರೆಡಿ.” ರಾಳದ ಬೆಂಕಿ ಭುಗಿಲೆದ್ದ ಸದ್ದು. “ಟೂ... ತಗೋ.” ಆಮೇಲೆ ನನ್ನ ದನಿ: “ಟೂ ಆನ್, ವನ್ ಫ್ರೀ.” ಅಲ್ಲಿಂದ ಸುಮಾರು ಒಂದು ನಿಮಿಷ ಕರೆಯಲ್ಲಿ ಯಾರ ಮಾತೂ ಇಲ್ಲ. ಅಣ್ಣ ವೇಷದ ಮುಂದೆ ಹಿಂದೆ ಹಿಂದೆ ನಡೆಯುತ್ತಿದ್ದರು, ನಾವೆಲ್ಲ ಅದನ್ನು ನೋಡುತ್ತಿದ್ದೆವು.